ಕೆನಾಲಿಗೆ ಒಗೆದ ಕಡ್ಡಿ

ಮಾನ್ವಿಯಲ್ಲಿ ನಾನು ಮೊದಲು ಹೊಟ್ಟೆಕಿಚ್ಚು ಪಟ್ಟದ್ದು ಎಮ್ಮೆಗಳನ್ನು ಕಂಡು. ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ಅವು ಗದ್ದೆ ಬದಿಯ ಹೊಂಡದಲ್ಲಿ ಕುತ್ತಿಗೆಯವರೆಗೆ ಮುಳುಗಿ ಮೆಲುಕು ಹಾಕುತ್ತಿದ್ದವು. ನಮ್ಮ ದೇವದುರ್ಗದಲ್ಲಿ ಆ ಹೊತ್ತಿಗೆ ಮನುಷ್ಯರು ಎರಡು ಕೊಡ ಕುಡಿಯುವ ನೀರಿಗೆ ಸರದಿಯಲ್ಲಿ ನಿಂತಿರುತ್ತಿದ್ದರು.

ಎರಡೂ ತಾಲ್ಲೂಕು ಕೇಂದ್ರಗಳೇ. ಎರಡೂ ನಿಜಾಮರ ಆಳ್ವಿಕೆ ಕಂಡವು. ಎರಡೂ ಕಚೇರಿಗಳ ಹಳೆಯ ದಫ್ತರು ಉರ್ದುವಿನಲ್ಲಿದೆ. ನಮಗೆ ಗುಡ್ಡ, ನಾಯಕರ ಕೋಟೆ. ಅವರಿಗೆ ತುಂಗಭದ್ರೆಯ ಕಾಲುವೆ, ಜನರ ಬಾಯಲ್ಲಿ ಕೆನಾಲು. ಕೃಷ್ಣೆ ನಮ್ಮ ತಾಲ್ಲೂಕಿನ ಅಂಚಿಗೇ ಇದ್ದಾಳೆ, ಆದರೆ ಅವಳು ತಗ್ಗಿನಲ್ಲಿ, ನಾವು ಏರಿನಲ್ಲಿ. ಗುಮಾಸ್ತನಾಗಿ ವರ್ಗವಾಗಿ ಬಂದ ನಾನು ಜೋಳದ ರೊಟ್ಟಿಯ ಬುತ್ತಿ ಬಿಚ್ಚುವಾಗ ಪಕ್ಕದವರ ಬಿಳಿ ಅನ್ನ ನೋಡಿ ಕರುಬುತ್ತಿದ್ದೆ. ನನ್ನ ಹೆಂಡತಿ ಶಾಂತಾ ತಿಂಗಳೊಳಗೆ ಈ ಊರಿನವಳೇ ಆಗಿಬಿಟ್ಟಳು. ಅದಕ್ಕೂ ಕರುಬಿದೆ.

ಒಂದು ಬೆಳಿಗ್ಗೆ ಮನೆಯೊಡತಿ ಈರಮ್ಮನ ಜೊತೆ ನಾನೂ ಶಾಂತಾಳೂ ಕೌದಿ ಒಗೆಯಲು ಕೆನಾಲಿಗೆ ಹೋದೆವು. ಈರಮ್ಮ ನೀರಿಗೆ ಒಂದು ಕಡ್ಡಿ ಒಗೆದು ದಂಡೆಗುಂಟ ನಡೆದಳು.

"ಕಡ್ಡಿ ನನ್ನ ಬಿಟ್ಟು ಮುಂದ ಹೋತು. ಸೆಳವು ಜೋರೈತಿ, ಇವತ್ತು ಇಳಿಯಂಗಿಲ್ಲ."

ನನಗೆ ನಗು ಬಂತು. ನೀರಿನ ಮೈ ನಮ್ಮೂರ ಕೆರೆಯಂತೆ ಸಪಾಟಾಗಿತ್ತು.

"ಕೈಯಾಗ ನೀರಿಟಗೊಂಡು ಹೆದರತೀರಲ್ಲಬೇ ಯವ್ವಾ. ಶಾಂತಾ, ಇಳಿ ನೀ, ನೀರು ಸುಮ್ಮ ನಿಂತದ."

"ಹಂಗಾರ ಕೌದಿದು ಒಂದು ತುದಿ ನನ್ನ ಕೈಯಾಗಿರ್ಲಿ," ಎಂದು ಈರಮ್ಮ ಗೊಣಗಿದಳು.

ಶಾಂತಾ ಇನ್ನೊಂದು ತುದಿ ಹಿಡಿದು ಎರಡು ಹೆಜ್ಜೆ ಇಳಿದಳು. ಪಾಚಿಗಟ್ಟಿದ ಕಲ್ಲು ಜಾರಿತು. ನೆನೆದ ಕೌದಿ ಹಗ್ಗದಂತೆ ಬಿಗಿದು ಸೆಟೆಯಿತು. ಅದರ ಆಚೆ ತುದಿಯಲ್ಲಿ ಅವಳ ಎರಡು ಕೈ ಮಾತ್ರ ಕಾಣುತ್ತಿದ್ದವು. ನಾನು ನಿಂತೇ ಇದ್ದೆ. ಇಂದಿಗೂ ಕಣ್ಣು ಮುಚ್ಚಿದರೆ ಹಾಗೆಯೇ ನಿಂತಿರುತ್ತೇನೆ. ಈರಮ್ಮ ತನ್ನ ತುದಿಯನ್ನು ಕೈಗೆ ಸುತ್ತಿಕೊಂಡು ನೆಲಕ್ಕೆ ಕುಕ್ಕರಿಸಿದಳು.

"ಬಿ.ಎ. ಓದೀರಿ, ಹಿಡಿಯಾಕ ಬರಂಗಿಲ್ಲೇನ್ರಿ? ಬರ್ರಿ ಇಲ್ಲಿ."

ಆಮೇಲೆ ಹಿಡಿದೆ. ಇಬ್ಬರೂ ಅವಳನ್ನು ದಂಡೆಗೆ ಎಳೆದೆವು.

ಮಧ್ಯಾಹ್ನ ನಾನು ವರ್ಗದ ಅರ್ಜಿ ಬರೆಯಲು ಕುಳಿತೆ. ಶಾಂತಾ ತಲೆ ಒರೆಸಿಕೊಳ್ಳುತ್ತಿದ್ದಳು.

"ಯಾವೂರಿಗೆ?"

"ದೇವದುರ್ಗಕ್ಕ. ಈ ನೀರು ನಮಗ ಬ್ಯಾಡ."

"ನೀವು ಹೋಗ್ರಿ. ಹತ್ತು ವರ್ಷ ನೀರು ಹೊತ್ತ ತಲಿ ನಂದು. ಬಿದ್ದಾಕಿ ನಾನು, ಬಿಟ್ಟು ಓಡೋರು ನೀವು?" ಒದ್ದೆ ವಸ್ತ್ರ ಹಗ್ಗಕ್ಕೆ ಹಾಕಿ ಹೇಳಿದಳು: "ಇನ್ನ ಮ್ಯಾಗ ಕಡ್ಡಿ ಒಗಿಯೋ ಕೆಲಸ ನಿಮ್ದು."

ಅರ್ಜಿ ಕೊಡಲಿಲ್ಲ. ವರ್ಷಗಳಾದವು. ಈಗಲೂ ಅವಳಿಗಿಂತ ಮೊದಲು ನನ್ನ ಕಡ್ಡಿ ನೀರಿಗಿಳಿಯುತ್ತದೆ.

ಕಳೆದ ಯುಗಾದಿಗೆ ದೇವದುರ್ಗಕ್ಕೆ ಹೋದಾಗ ಕೆರೆಯ ದಂಡೆಯಲ್ಲೂ ಕಡ್ಡಿ ಒಗೆದೆ. ಅದು ಬಿದ್ದಲ್ಲೇ ಇತ್ತು.

"ಏನ್ ನೋಡಾಕತ್ತೀಲೇ, ಮಾನ್ವಿ ಸಾಹೇಬ?" ಎಂದು ಅಣ್ಣ ನಕ್ಕ.

ಯಾರನ್ನೂ ಎಳೆದೊಯ್ಯದ, ಹುಟ್ಟಿದೂರಿನ ಆ ಅಲುಗದ ನೀರನ್ನು ಕಂಡು, ಪರವೂರಿನವನಂತೆ, ಹೊಟ್ಟೆ ಉರಿಯಿತು. ಶಾಂತಾ ಮೆಟ್ಟಿಲ ಮೇಲೆ ಕುಳಿತು ನೀರಿಗೆ ಕಾಲು ಇಳಿಬಿಟ್ಟಳು. ನಾನು ಅವಳ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಹಿಂದೆ ನಿಂತಿದ್ದೆ.