ಭಾವನ ವಾಚು

ವಾಚು ರಿಪೇರಿ ನನಗೆ ಹೊಟ್ಟೆಪಾಡಲ್ಲ, ಚಟ. ಡಿಗ್ರಿ ಮುಗಿಸಿ ಚನ್ನಗಿರಿಯ ಮನೆಯಲ್ಲಿ ಕೂತಿದ್ದ ನನಗೆ ಬೇರೆ ಕೆಲಸವೂ ಇರಲಿಲ್ಲ. ಊರವರ ದನಿ ಅನುಕರಿಸಿ ನಗಿಸುವುದನ್ನು ಕೆಲಸ ಎನ್ನುವುದಾದರೆ ಅದೊಂದಿತ್ತು. ಬಿದ್ದ ತಿರುಪು ಕಾಣಲೆಂದು ಪಡಸಾಲೆಯಲ್ಲಿ ಅಪ್ಪನ ಬಿಳಿ ಪಂಚೆ ಹಾಸಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂತರೆ ನಾನು ಅರ್ಧ ಡಾಕ್ಟರು, ಅರ್ಧ ಕಪ್ಪೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಡೆ ಗಂಡಸರ ಕೈಗೆ ವಾಚು ಬರುತ್ತಿದ್ದುದೇ ಮದುವೆಯಲ್ಲಿ. ಕೊಡುವುದು ಹೆಣ್ಣಿನ ಕಡೆಯವರ ಕರ್ಮ, ಕೆಡಿಸುವುದು ಗಂಡಿನ ಹಕ್ಕು. ಹೊನ್ನಾಳಿಯ ಚಿಕ್ಕಪ್ಪ ವಾಚು ಕಟ್ಟಿಕೊಂಡೇ ಹೊಳೆಯಲ್ಲಿ ಮುಳುಗಿ ಎದ್ದು, "ಲೇ ಡಾಕ್ಟ್ರೇ, ಒಳಗೆ ಮೀನು ಐತೇನು ನೋಡು" ಎಂದು ತಂದಿದ್ದರು. ನ್ಯಾಮತಿಯ ಸೋದರಮಾವ ಮನೆಗೆ ಬಂದವರಿಗೆಲ್ಲ ಎಲೆಅಡಿಕೆಯ ಜೊತೆ ವಾಚನ್ನೂ ಕೊಡುತ್ತಿದ್ದರು. ಪ್ರತಿಯೊಬ್ಬನೂ ಮರ್ಯಾದೆಗೆಂದು ನಾಲ್ಕು ಸುತ್ತು ಕೀ ಕೊಟ್ಟು ಸ್ಪ್ರಿಂಗು ಮುರಿದಿತ್ತು. "ಕೀ ಜಾಸ್ತಿ ಕೊಟ್ರೆ ಜಾಸ್ತಿ ದಿನ ನಡೀಬೇಕಲ್ಲೋ?" ಎಂಬ ಅವರ ಮೂಗಿನ ದನಿಯನ್ನು ಅವರೆದುರಿಗೇ ಮಾಡಿ ತೋರಿಸಿ ಬೈಸಿಕೊಂಡಿದ್ದೇನೆ.

ಆದರೆ ಹಿಂದಿನ ಮುಚ್ಚಳ ತೆಗೆದಾಗ ಅತ್ತಿತ್ತ ಓಲಾಡುವ ಪುಟ್ಟ ಬ್ಯಾಲೆನ್ಸ್ ಚಕ್ರ ಇದೆಯಲ್ಲ, ವಾಚಿನ ಜೀವವೆಲ್ಲ ಅದರಲ್ಲಿ. ಅದನ್ನು ನೋಡುತ್ತಾ ಕೂತಾಗ ಮಾತ್ರ ನನ್ನ ಬಾಯಿ ಮುಚ್ಚಿರುತ್ತಿತ್ತು. ಅಮ್ಮ ಅದಕ್ಕೇ ಈ ಚಟವನ್ನು ಸಹಿಸಿಕೊಂಡಳೆಂದು ಕಾಣುತ್ತದೆ.

ದಸರೆ ಕಳೆದ ಮೇಲೆ ಜಗಳೂರಿಗೆ ಕೊಟ್ಟ ನಮ್ಮಕ್ಕ ಒಬ್ಬಳೇ ಬಸ್ಸಿಳಿದು ಬಂದಳು. ಕರವಸ್ತ್ರದ ಗಂಟಿನಲ್ಲಿ ಭಾವನ ವಾಚು, ನಾವೇ ಮದುವೆಯಲ್ಲಿ ಕೊಟ್ಟದ್ದು, ನಿಂತುಹೋಗಿತ್ತು. ಜೊತೆಗೆ ಅತ್ತೆಯ ಮಾತು: "ಕೊಡೋದು ಕೊಟ್ರಿ, ನಡೆಯೋದನ್ನ ಕೊಡಾಕೆ ಏನಾಗಿತ್ತು? ನಿನ್ ತಮ್ಮ ರಿಪೇರಿ ಮಾಡ್ತಾನಂತಲ್ಲ, ಸರಿ ಮಾಡಿಸ್ಕೊಂಡು ಅದರ ಜೊತೆಗೇ ಬಾ."

ಮುಚ್ಚಳ ತೆಗೆದರೆ ಒಳಗೆಲ್ಲ ವಿಭೂತಿ! ಅವರದು ಶೇಂಗಾ ವ್ಯಾಪಾರ. ಆಯುಧಪೂಜೆಗೆ ತಕ್ಕಡಿ, ತೂಕದ ಬಟ್ಟು, ಕುಡುಗೋಲಿನ ಸಾಲಿನಲ್ಲಿ ವಾಚನ್ನೂ ಇಟ್ಟು, ಎಲ್ಲಕ್ಕೂ ನೀರು ಚಿಮುಕಿಸಿ, ಹಸಿ ವಿಭೂತಿ ಬಳಿದಿದ್ದಾರೆ. ಅದು ಕೀ ಕೊಡುವ ಗುಂಡಿಯ ಸಂದಿಯಿಂದ ಇಳಿದು ಹಲ್ಲುಹಲ್ಲಿಗೂ ಸಿಮೆಂಟಿನಂತೆ ಕೂತಿತ್ತು. ಪೆಟ್ರೋಲಿನಲ್ಲಿ ತೊಳೆದೆ, ಸೂಜಿಮೊನೆಯಲ್ಲಿ ಎಣ್ಣೆ ಮುಟ್ಟಿಸಿದೆ. ಸಂಜೆಯೊಳಗೆ ನಡೆಯತೊಡಗಿತು. ಜಂಬದಿಂದ ಅಕ್ಕನ ಕಿವಿಗೆ ಹಿಡಿದೆ.

ಅವಳ ಮುಖ ಬಾಡಿತು. "ಇಷ್ಟು ಜಲ್ದಿ ಆತೇನೋ?"

"ನಿಮ್ಮತ್ತೆ ಇನ್ನಷ್ಟು ಬಳೀಬೇಕಿತ್ತೇನು?"

"ನಾನೇ ಬಳೀಬೇಕಿತ್ತು," ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

"ಅಲ್ಲಿ ನೀರಿಗೆ ದೂರ ಹೋಗ್ಬೇಕು, ಪಾಳಿ ನಿಲ್ಬೇಕು. ನಾನು ಕೊಡ ತಗೊಂಡು ಹೊರಟ್ರೆ ನಿಮ್ಮ ಭಾವ ವಾಚು ನೋಡ್ಕೊಂಡು ಬಾಗಿಲಾಗೆ ಕೂರ್ತಾರೆ. ತಡ ಆತು ಅಂದ್ರೆ ಯಾರ ಜೊತೆ ನಿಂತಿದ್ದೆ ಅಂತ ಕೈ ಎತ್ತತಾರೆ. ಇದು ನಿಂತ ಮೇಲೆ ಒಂದಿಷ್ಟು ನೆಮ್ಮದಿ ಇತ್ತು. ಅಪ್ಪನಿಗೆ ಹೇಳಬ್ಯಾಡ."

ಮದುವೆಯ ಚಪ್ಪರದಲ್ಲಿ ಆ ವಾಚನ್ನು ಭಾವನ ಕೈಗೆ ಕಟ್ಟಿದವನು ನಾನೇ. ಪಟ್ಟಿ ಬಿಗಿಯಾಯಿತೆಂದು ಅವರು ಮುಖ ಕಿವುಚಿದ್ದನ್ನು ವಾರಗಟ್ಟಲೆ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದ್ದೆ.

ಬ್ಯಾಲೆನ್ಸ್ ಚಕ್ರ ಬಿಚ್ಚಿ ನಶ್ಯದ ಡಬ್ಬಿಯಲ್ಲಿ ಬಚ್ಚಿಟ್ಟೆ. ಅಪ್ಪ ಕೇಳಿದಾಗ, "ಒಳಗಿನ ಸಾಮಾನು ಸವೆದೈತಪ್ಪಾ, ಬೆಂಗಳೂರಿಂದ ಬರಬೇಕು" ಎಂದೆ. ವಾರಗಳು ಉರುಳಿದವು. ಅಕ್ಕ ಅಮ್ಮನ ಪಕ್ಕ ಕೂತು ಉಂಡಳು, ಮಧ್ಯಾಹ್ನ ಮಲಗಿದಳು, ಹಳೇ ದನಿಯಲ್ಲಿ ನನ್ನನ್ನು ಬೈದಳು. ಬೀದಿಯಲ್ಲಿ ಮಾತ್ರ ನನ್ನ ಮಾನ ಹರಾಜಾಯಿತು. "ಏನಪ್ಪಾ ಡಾಕ್ಟ್ರೇ, ಭಾವನ ವಾಚು ಪೋಸ್ಟ್‌ಮಾರ್ಟಂ ಮುಗೀತೇ?" ಎಂದು ಹೋಟೆಲಿನಲ್ಲಿ ಕೂಗುತ್ತಿದ್ದರು. ಒಬ್ಬ ಒಂದು ಕಣ್ಣು ಮುಚ್ಚಿ, ಕತ್ತು ಸೊಟ್ಟ ಮಾಡಿ ನನ್ನಂತೆಯೇ ಕೂತು ತೋರಿಸಿದ. ಚೆನ್ನಾಗಿಯೇ ಮಾಡಿದ, ಹಾಳಾದವನು.

ಹೀಗೇ ನಡೆಸಿಬಿಡಬಹುದು ಎಂದುಕೊಂಡಿದ್ದೆ. ಅಪ್ಪನ ಮರ್ಯಾದೆಯ ಲೆಕ್ಕ ನನಗೆ ತಿಳಿದಿರಲಿಲ್ಲ. ಒಂದು ದಿನ ದಾವಣಗೆರೆಗೆ ಹೋಗಿ ಹೊಸ ವಾಚೇ ತಂದುಬಿಟ್ಟ. "ಇವನನ್ನ ನಂಬಿ ಮಗಳನ್ನ ಎಷ್ಟು ದಿನ ಮನ್ಯಾಗೆ ಇಟ್ಕೊಳ್ಳಾಕೆ ಆಗ್ತತಿ?" ಎಂದ. ಅಕ್ಕ ಸೀರೆ ಮಡಚಿಕೊಂಡಳು. ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ನಗಿಸೋಣವೆಂದು ಅವಳ ಅತ್ತೆಯ ದನಿ ಶುರು ಮಾಡಿದೆ.

"ಬ್ಯಾಡ ಕಣೋ," ಎಂದಳು. "ಇನ್ನು ಅಸಲೀನೇ ಕೇಳೋದೈತೆ."

ಅಕ್ಕನನ್ನು ಬಿಟ್ಟುಬರಲು ಹೋಗಿದ್ದ ಅಪ್ಪ ಮಾರನೆಯ ದಿನ ಮರಳಿದ. ಬೀಗರು ಹೊಸದನ್ನು ತಿರುಗಿಸಿ ನೋಡಿ, "ಹಳೇದೆಲ್ಲಿ? ಅದೂ ನಮ್ಮ ಹುಡುಗನಿಗೆ ಕೊಟ್ಟಿದ್ದೇ ಅಲ್ಲೇನ್ರೀ?" ಎಂದರಂತೆ.

"ಹೆಂಗೈತೋ ಹಂಗೇ ಕೊಡು," ಎಂದು ಅಪ್ಪ ಎದುರಿಗೇ ಕೂತ. ಹೊಸದು ಅಲ್ಲಿ ಓಡುತ್ತಿರುವಾಗ ಇದನ್ನು ನಿಲ್ಲಿಸಿ ಏನು ಫಲ? ನಾನು ಹಟಕ್ಕೆ ನಶ್ಯದ ಡಬ್ಬಿ ತೆಗೆದು, ಅವನ ಕಣ್ಣೆದುರೇ ಚಕ್ರ ಕೂರಿಸಿ ತಿರುಪು ಬಿಗಿದೆ. ವಾಚು ತಟ್ಟನೆ ಓಡತೊಡಗಿತು. ಅಪ್ಪ ಅದನ್ನೂ ನನ್ನನ್ನೂ ನೋಡಿದ. ನೀರಿನ ಕೊಡ, ಬಾಗಿಲಲ್ಲಿ ಕೂತ ಭಾವ, ಎತ್ತಿದ ಕೈ, ಎಲ್ಲ ಹೇಳಿದೆ. ಯಾರ ದನಿಯನ್ನೂ ಮಾಡದೆ ಹೇಳಿದೆ.

ಅಪ್ಪ, "ಮೊದ್ಲೇ ನನಗೊಂದು ಮಾತು ಹೇಳಬಾರದಿತ್ತೇನಲೇ?" ಎಂದ.

"ಹೇಳಿದ್ರೆ ಏನ್ ಮಾಡ್ತಿದ್ದೆ?"

ಅಪ್ಪ ಸುಳ್ಳು ಹೇಳುವವನಲ್ಲ. ವಾಚನ್ನೆತ್ತಿ ಜೇಬಿಗೆ ಹಾಕಿಕೊಳ್ಳುತ್ತಾ, "ಅವತ್ತೇ ಅವಳನ್ನ ಜಗಳೂರು ಬಸ್ ಹತ್ತಿಸ್ತಿದ್ದೆ," ಎಂದ.