ಸಿದ್ದಣ್ಣ ತಂದ ನೀಲಿ ಬೆಳಕಿನ ಪೆಟ್ಟಿಗೆ

ಸೇಡಂ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದ ಸಿದ್ದಣ್ಣನ ಮಾತು ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅವನ ಮೇಲಲ್ಲ. ನಮ್ಮಪ್ಪನ ಮೇಲೆ, ಆಮೇಲೆ ನನ್ನ ಮೇಲೆ. ಯಾರ ಮೇಲೆ ಹೆಚ್ಚು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಸಿದ್ದಣ್ಣನದು ಕಾಗಿಣಾ ಹೊಳೆದಂಡೆಯ ಮನೆತನ. ಅವನಪ್ಪ ಹರಿಗೋಲು ಹಾಕುತ್ತಿದ್ದ. ಸೇತುವೆ ಬಂದ ಮೇಲೆ ಹರಿಗೋಲು ಯಾರಿಗೂ ಬೇಡವಾಯಿತು. ಸಿದ್ದಣ್ಣ ವಾಡಿಗೆ ಹೋಗಿ, ಸ್ಟೇಷನ್ನಿನ ಎದುರು ಖಾಜಾ ಎಂಬವನ ಸಲೂನಿನಲ್ಲಿ ಕತ್ತರಿ ಹಿಡಿಯುವುದನ್ನು ಕಲಿತು ಬಂದ. ಅದಕ್ಕೂ ಮೊದಲು ಏಳನೆಯ ಇಯತ್ತೆಯವರೆಗೆ ನಮ್ಮಪ್ಪ ಜಯತೀರ್ಥ ಮಾಸ್ತರರ ಕೈಯಲ್ಲಿ ಓದಿದ್ದ. ಅಕ್ಷರ ದುಂಡಗಿದೆ ಎಂದು ಅಪ್ಪ ದಿನಾ ಹಲಗೆಯ ಮೇಲೆ ಸುಭಾಷಿತ ಬರೆಯುವ ಕೆಲಸವನ್ನು ಅವನಿಗೇ ಕೊಟ್ಟಿದ್ದರಂತೆ. ಅದನ್ನು ಅವನು ಗಿರಾಕಿಗಳ ಮುಂದೆ ನೂರು ಸಲ ಹೇಳಿದ್ದ; ಅವರು ನೂರೊಂದನೆಯ ಸಲ ಕೇಳುವುದು ಬೇಡವೆಂದು ಕಣ್ಣು ಮುಚ್ಚುತ್ತಿದ್ದರು.

ಅವನಿಗಿದ್ದದ್ದು ಒಂದೇ ಆಸೆ. ಮಾಸ್ತರರು ಒಮ್ಮೆ ಅಂಗಡಿಯೊಳಗೆ ಬಂದು ಅವನ ಕುರ್ಚಿಯ ಮೇಲೆ ಕೂರಬೇಕು.

ಅಪ್ಪ ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ಆದರೆ ಕೈಚೀಲದಲ್ಲಿ ತಮ್ಮದೇ ಕತ್ತಿ, ಕತ್ತರಿ, ಬಟ್ಟಲು, ಪಂಜೆ ಇರುತ್ತಿದ್ದವು. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂರುವರು. ಒಳಗೆ ಫ್ಯಾನು ಖಾಲಿ ಕುರ್ಚಿಗೆ ಗಾಳಿ ಹಾಕುತ್ತಿದ್ದರೆ ಸಿದ್ದಣ್ಣ ಹೊರಗೆ ಬಿಸಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವರ ಗಡ್ಡ ತೆಗೆಯುತ್ತಿದ್ದ. ಸೇಡಂ ಬಿಸಿಲೆಂದರೆ ಏನೆಂದು ಕೂತವರಿಗೇ ಗೊತ್ತು.

"ಒಳಗ ಬರ್ರಿ ಸರ್, ಕುರ್ಚಿ ಮ್ಯಾಲ ಕುಂದ್ರಿ," ಎಂದು ಅವನು ಪ್ರತಿ ಸಲವೂ ಕರೆಯುತ್ತಿದ್ದ.

"ಬ್ಯಾಡಪ. ಹತ್ತು ಮಂದಿ ಮುಖಕ್ಕ ಆಡಿಸಿದ ಕತ್ತಿ, ಹತ್ತು ಮಂದಿ ಕುಂತ ಕುರ್ಚಿ. ರೋಗ ಬರತಾವ," ಎಂದು ಅಪ್ಪ ಪ್ರತಿ ಸಲವೂ ಹೇಳುತ್ತಿದ್ದರು.

ಆ ವರ್ಷ, ತೊಂಬತ್ತೆಂಟರಲ್ಲಿ, ಕ್ಷೌರದ ಕತ್ತಿಯಿಂದ ಕಾಮಾಲೆ ಹರಡುತ್ತದೆ ಎಂಬ ಸುದ್ದಿ ಚಿಂಚೋಳಿಯಿಂದ ಶಹಾಬಾದವರೆಗೆ ಎಲ್ಲರ ಬಾಯಲ್ಲಿತ್ತು. ಹಾಗಾಗಿ ಅಪ್ಪನ ಮಾತಿನಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ನಾನು ಆಗ ಒಂದು ಖಾಸಗಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕಿದ್ದೆ. ಊರ ಉಸಾಬರಿ ನನಗ್ಯಾಕೆ ಬೇಕಿತ್ತು? ಬುದ್ಧಿವಂತನಂತೆ ಹೋಗಿ ಹೇಳಿದೆ: "ಸಿದ್ದಣ್ಣ, ಹೈದರಾಬಾದದಾಗ ಒಂದು ಮಶಿನ್ ಸಿಗತದ. ಕತ್ತಿ ಕತ್ತರಿ ಒಳಗಿಟ್ಟು ಬಾಗಿಲಾ ಹಾಕಿದ್ರ ತಾನಾ ಶುದ್ಧ ಮಾಡ್ತದ. ಅಪ್ಪಗ ರೋಗದ ಅಂಜಿಕಿ ಅಷ್ಟಾ. ಆ ಮಶಿನ್ ಇದ್ರ ಕುಂದರತಾರ."

ಹೊಸ ಕುರ್ಚಿಗೆಂದು ಕೂಡಿಟ್ಟಿದ್ದ ಹಣದಲ್ಲಿ ಅವನು ಖಾಜಾನ ಕೈಯಿಂದ ಪೆಟ್ಟಿಗೆ ತರಿಸಿದ. ಬಿಳಿ ತಗಡಿನ ಪೆಟ್ಟಿಗೆ, ಗಾಜಿನ ಬಾಗಿಲು. ಗುಂಡಿ ತಿರುವಿದರೆ ಒಳಗೆ ನೀಲಿ ಬೆಳಕು ಹತ್ತಿ, ಹತ್ತು ನಿಮಿಷಕ್ಕೆ ತಾನೇ ಆರಿ ಟಣ್ ಎಂದು ಗಂಟೆ ಬಾರಿಸುತ್ತಿತ್ತು. ಕೂದಲು ಅಂಟಿದ ಕತ್ತಿಗೆ ಆ ಬೆಳಕು ಏನೂ ಮಾಡದು ಎಂದು ನಾನು ಹೇಳಿದ್ದೆ. ಅದಕ್ಕೆ ಪ್ರತಿಯೊಂದನ್ನೂ ಸೋಪು ಹಚ್ಚಿ ತಿಕ್ಕಿ, ಒರೆಸಿ, ಬಿಚ್ಚಿಯೇ ಒಳಗಿಡುತ್ತಿದ್ದ. ಬಾಚಣಿಗೆಯನ್ನೂ ಬಿಡಲಿಲ್ಲ.

"ಮನ್ಯಾಗಿನ ಬಾಂಡಿ ಹಿಂಗ ಒಂದಿನರ ತಿಕ್ಕಿದ್ರ ನನ್ನ ಕೈ ಉಳೀತಿದ್ವು," ಎಂದು ಅವನ ಹೆಂಡತಿ ಮರೆಮ್ಮ ಅಂಗಡಿಗೆ ಬುತ್ತಿ ತಂದಾಗಲೆಲ್ಲ ಚುಚ್ಚುತ್ತಿದ್ದಳು.

ಗಿರಾಕಿಗಳು ಹುಚ್ಚೆದ್ದರು. ಕುರಕುಂಟಾದಿಂದಲೂ ಮಂದಿ ಆ ಗಂಟೆಯ ಸುದ್ದಿ ಕೇಳಿಯೇ ಮುಖ ಒಡ್ಡಲು ಬಂದರು. ಬರಬೇಕಾದವರು ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ. ಮೊದಲ ಸಲ ಕರೆಂಟ್ ಇಲ್ಲ ಎಂದರು. ಕರೆಂಟ್ ಇದ್ದ ದಿನ ಆ ಬೆಳಕು ಕಣ್ಣಿಗೆ ಕೆಟ್ಟದ್ದು ಎಂದರು. ಸಿದ್ದಣ್ಣ ಗಾಜಿಗೆ ಕರಿ ಬಟ್ಟೆ ಇಳಿಬಿಟ್ಟ. ಮುಂದಿನ ಸಲ ಸೊಂಟ ನೋವು, ಕುರ್ಚಿ ಎತ್ತರ ಎಂದರು. ಅವನು ಕುರ್ಚಿಯ ಕಾಲು ನಾಲ್ಕು ಬೆರಳು ಕೊಯ್ಯಿಸಿದ! ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು. ನನಗೆ ರೇಗಿ ಮನೆಯಲ್ಲಿ ಕೇಳಿದರೆ ಅಪ್ಪ, "ನೋಡೋಣಂತ," ಎಂದು ಪೇಪರು ತಿರುವಿದರು. ಮೂರು ವರ್ಷ ನೋಡೋಣವೇ ಆಯಿತು.

ಎರಡು ಸಾವಿರದ ಒಂದರ ಚಳಿಗಾಲ, ಒಂದು ಬುಧವಾರ ಬೆಳಿಗ್ಗೆ. ನಾನು ಅಂಗಡಿಯೊಳಗೆ ಬೆಂಚಿನ ಮೇಲೆ ನನ್ನ ಪಾಳಿ ಕಾಯುತ್ತಿದ್ದೆ. ಹೊರಗೆ ಅಪ್ಪನ ಕ್ಷೌರ ಮುಗಿದಿತ್ತು. ಎಂದಿನಂತೆ ಮನೆಗೆ ಹೊರಡುವ ಬದಲು ಅಪ್ಪ ಮೆಟ್ಟಿಲು ಹತ್ತಿ ಒಳಗೆ ಬಂದರು. ಸಿದ್ದಣ್ಣನ ಮುಖ ಅರಳಿದ್ದನ್ನು ಏನೆಂದು ಹೇಳಲಿ! ಒಗೆದ ಪಂಜೆಯಿಂದ ಕುರ್ಚಿಯ ಕೂರುವ ಜಾಗ, ಬೆನ್ನು, ಕೈಗಳನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಬರ್ರಿ ಸರ್, ಬರ್ರಿ. ಕುಂದ್ರಿ."

ಅಪ್ಪ ಕೂರಲಿಲ್ಲ. ಈಗಷ್ಟೇ ಅವನು ಆಡಿಸಿದ ತಮ್ಮ ಕತ್ತಿ ಕತ್ತರಿಗಳಿದ್ದ ಬಟ್ಟಲು ಹೊರಗೆ ಕಟ್ಟೆಯ ಮೇಲಿತ್ತು. ಅದನ್ನು ತೋರಿಸಿ, "ಅವನ್ನ ನಿನ್ನ ಮಶಿನ್ನಾಗ ಇಟ್ಟು ಕೊಡಪ," ಎಂದರು.

"ಯಾಕ್ರಿ ಸರ್? ನಿಮ್ಮವ ಬ್ಯಾರೆ ಯಾರೂ ಮುಟ್ಟಂಗಿಲ್ಲಲ್ರಿ?"

"ನೀ ಮುಟ್ಟೀದಿಯಲ್ಲ," ಎಂದರು ಅಪ್ಪ. ದನಿಯಲ್ಲಿ ಸಿಟ್ಟಿಲ್ಲ, ಹಂಗಿಸುವ ಉದ್ದೇಶವೂ ಇಲ್ಲ. ಹವಾಮಾನದ ಮಾತಾಡಿದಂತೆ ಆಡಿದರು. "ಪ್ರತಿ ಸಲ ನಮ್ಮ ರಘುನ ಅವ್ವ ಜಾನಕೀಬಾಯಿ ಬಿಸಿನೀರ ಕಾಸಿ ಸುರದು ಮಡಿ ಮಾಡಬೇಕು. ಈಗ ಆಕಿಗೆ ಆಗೂದಿಲ್ಲ. ಭಾಳ ಛಲೋ ಮಶಿನ್ ತಂದಿ ಬಿಡು. ಆ ತಾಪತ್ರಯ ತಪ್ಪಿತು."

ಸಿದ್ದಣ್ಣ ಬಟ್ಟಲನ್ನು ಒಳಗೆ ತಂದ. ಕತ್ತಿಯನ್ನು ತೊಳೆದ, ಒರೆಸಿದ, ಬಿಚ್ಚಿ ಒಳಗಿಟ್ಟ, ಗುಂಡಿ ತಿರುವಿದ. ಹತ್ತು ನಿಮಿಷ ಗೋಡೆ ನೋಡುತ್ತ ನಿಂತ. ಟಣ್ ಎಂದಿತು. ಅವನು ಕೈ ಕಟ್ಟಿಕೊಂಡ.

"ನೀವೇ ತಗೋರಿ ಸರ್. ನಾ ತಗದ್ರ ಮತ್ತ ಒಳಗ ಇಡಬೇಕಾಗತದ."

ಅಪ್ಪ ಬಾಗಿಲಿನ ಹಿಡಿಕೆಯವರೆಗೆ ಕೈ ಒಯ್ದು ನಿಲ್ಲಿಸಿದರು. ಹಿಡಿಕೆಯನ್ನೂ ಅವನೇ ಹಿಡಿಯುತ್ತಿದ್ದನಲ್ಲ! ನನ್ನತ್ತ ತಿರುಗಿ, "ರಘು, ನೀ ತಗಿ. ಹ್ಯಾಂಗೂ ನಿಂದಿನ್ನಾ ಸ್ನಾನ ಆಗಬೇಕು," ಎಂದರು, ಕ್ಷೌರದ ಮೇಲಿನ ತಮ್ಮ ಸ್ನಾನವೂ ಬಾಕಿಯಿದ್ದುದನ್ನು ಮರೆತವರಂತೆ.

ಆಗುವುದಿಲ್ಲ ಎನ್ನಬೇಕಿತ್ತು. ನಾನು ಎದ್ದು ತೆಗೆದು ಚೀಲದಲ್ಲಿ ಹಾಕಿಕೊಟ್ಟೆ. ಅಪ್ಪ ಚೀಲ ಹಿಡಿದು ಮನೆಯ ದಾರಿ ಹಿಡಿದರು.

ಸಿದ್ದಣ್ಣ ಪೆಟ್ಟಿಗೆಯ ಬಾಗಿಲು ಹಾಕಿ ಕೇಳಿದ: "ರಘುವೀರ ಅವ್ರೆ, ಮಶಿನ್ ತಗೋ ಅಂದಾಗ ನಿಮಗಿದು ಗೊತ್ತಿತ್ತೇನ್ರಿ?"

ಹುಟ್ಟಿದಾಗಿನಿಂದ ಅವ್ವ ಆ ಕತ್ತಿಗೆ ಬಿಸಿನೀರು ಸುರಿಯುವುದನ್ನು ನೋಡಿದವನು ನಾನು. ಅವನ ಕುರ್ಚಿಯಿಂದ ಎದ್ದು ಹೋದ ಪ್ರತಿ ಸಲವೂ ಹಿತ್ತಲ ಬಾಗಿಲಿಂದ ಬಚ್ಚಲಿಗೆ ನುಗ್ಗಿದವನು.

"ಇಲ್ಲ ಸಿದ್ದಣ್ಣ, ಗೊತ್ತಿದ್ದಿಲ್ಲ," ಎಂದೆ.

ಅವನು ನಂಬಲಿಲ್ಲ. ನಂಬದಿದ್ದುದೇ ಸರಿ.