ವಿಮಾನದ ಅಂಚಿನ ಹಳದಿ ಗೆರೆ

ಕೊಟ್ಟೂರಿನ ನನ್ನ ಫ್ಲೆಕ್ಸ್ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ನಾನು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತೇನೆ. ನಲವತ್ತೈದು ದಾಟಿದವನಿಗೆ ಇದೆಂಥ ಹುಚ್ಚು ಎಂದು ಹೆಂಡತಿ ಕೇಳುತ್ತಾಳೆ. ಒಂದು ಬೆಳಿಗ್ಗೆ ಆ ಆಟ ಉಸ್ತಾದರ ಕಣ್ಣಿಗೆ ಬಿತ್ತು. ನನಗೆ ಬ್ರಷ್ ಹಿಡಿಯಲು ಕಲಿಸಿದವರು ಅವರೇ. ಹಡಗಲಿಯಿಂದ ಕಾನಹೊಸಹಳ್ಳಿವರೆಗೆ ಓಡುವ ಎಷ್ಟೋ ಲಾರಿ, ಟ್ರೇಲರುಗಳ ಮೇಲೆ ಅವರ ಕೈಬರಹವಿತ್ತು. ನಾನು ಫ್ಲೆಕ್ಸ್ ಮಷೀನು ತಂದು ಗುರುವಿನ ಅನ್ನಕ್ಕೇ ಕಲ್ಲು ಹಾಕಿದೆ. ಆಮೇಲೆ ಲಕ್ವಾ ಹೊಡೆದು ಅವರ ಬಲಗೈ ಬಿದ್ದುಹೋಯಿತು. ಮೊದಲನೆಯದು ನನ್ನ ತಪ್ಪು, ಎರಡನೆಯದಲ್ಲ. ಆದರೂ ಅವರು ಎದುರು ಕೂತಾಗ ಎರಡೂ ನನ್ನವೇ ಅನ್ನಿಸುತ್ತದೆ.

ತೆರೆಯ ಮೇಲಿನ ಬಿಳಿ ವಿಮಾನ ನೋಡಿ, ಇಷ್ಟು ದೊಡ್ಡ ಗಾಡಿಯ ಮೈಮೇಲೆ ಒಂದು ಹೂವೂ ಇಲ್ಲವಲ್ಲ ಎಂದು ಬೇಜಾರು ಮಾಡಿಕೊಂಡರು. ಬೇಕಾದರೆ ಬಣ್ಣ ಬದಲಿಸಬಹುದು ಎಂದೆ. ಅವರು ಕುರ್ಚಿಯನ್ನು ತೆರೆಯ ಹತ್ತಿರ ಎಳೆದುಕೊಂಡರು.

"ಉಳಿದಿದ್ದೆಲ್ಲಾ ನೀ ಹಚ್ಚು. ಅಂಚಿನ ಗೆರಿ ಮಾತ್ರ ನಾ ಎಳೀತೀನಿ. ಒಂದ ಒಂದು ಗೆರಿ."

ಲಾರಿಗೆ ಬಣ್ಣವೆಲ್ಲ ಮುಗಿದ ಮೇಲೆ ಅಂಚಿಗೆ ಹಳದಿ ಗೆರೆ ಎಳೆಯುವುದು ನಮ್ಮಲ್ಲಿ ಉಸ್ತಾದರ ಹಕ್ಕು. ಶಿಷ್ಯ ಎಷ್ಟೇ ಬಲಿತಿದ್ದರೂ ಅದನ್ನು ಮುಟ್ಟುವಂತಿಲ್ಲ. ನನ್ನ ಉಸ್ತಾದರು ಉಸಿರು ಬಿಗಿಹಿಡಿದು ಆ ತುದಿಯಿಂದ ಈ ತುದಿಗೆ ಒಂದೇ ಎಳೆತಕ್ಕೆ ಮುಗಿಸುತ್ತಿದ್ದರು.

ವಿಮಾನದ ಬಣ್ಣದ ಫೈಲು ನನ್ನ ಸಾಫ್ಟ್‌ವೇರಿನಲ್ಲಿ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಅದಕ್ಕೆಂದೇ ಇರುವ ಪುಟ್ಟ ಪ್ಲಗಿನ್ ಹುಡುಕಿ ಹಾಕುವಷ್ಟರಲ್ಲಿ ಎರಡು ದಿನ ಹೋಯಿತು. ಕೊನೆಗೆ ತೆರೆದರೆ ಅಲ್ಲಿ ವಿಮಾನವೇ ಇಲ್ಲ. ಹೊಲಿಯುವ ಮುಂಚೆ ಕತ್ತರಿಸಿಟ್ಟ ಅಂಗಿಬಟ್ಟೆಯ ಹಾಗೆ ರೆಕ್ಕೆ, ಬಾಲ, ಹೊಟ್ಟೆ ಎಲ್ಲ ಬೇರೆ ಬೇರೆ, ಅದೂ ತಲೆಕೆಳಗಾಗಿ. ನಾನು ಗಾಬರಿಯಾದೆ. ಉಸ್ತಾದರಿಗೆ ಏನೂ ಅನ್ನಿಸಲಿಲ್ಲ. ಟ್ಯಾಂಕರಿನ ಕೆಳಗೆ ಅಂಗಾತ ಮಲಗಿ ಬರೆದವರು. ಅವರು ಹೇಳಿದಂತೆ ಮೈಗೆ ಗಿಳಿಹಸಿರು ಹಚ್ಚಿದೆ, ಬಾಲಕ್ಕೆ ಕಮಲ ಬರೆದೆ.

ಗೆರೆಯ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಬೆಳಿಗ್ಗೆಯೇ ಎಡಗೈಯಲ್ಲಿ ಮೌಸ್ ಹಿಡಿದು ಕೂತವರು ಮಧ್ಯಾಹ್ನದ ನಮಾಜಿನ ಹೊತ್ತಿಗೆ ಎದ್ದರು. ತೆರೆಯ ಮೇಲಿನ ಆ ಹಾಳೆಯಲ್ಲಿ ವಿಮಾನದ ಅಂಚು ಬರುವ ಕೆಳತುದಿಗೆ, ಖಾಲಿ ಜಾಗಕ್ಕೆ ತಾಗಿದಂತೆ, ಗೆರೆ ಬಂದಿತ್ತು. ಎತ್ತು ನಡೆಯುತ್ತಾ ಉಚ್ಚೆ ಹೊಯ್ದ ಹಾಗೆ ಅಂಕುಡೊಂಕಾಗಿತ್ತು. ಕಲಿಯುವಾಗ ನನ್ನ ಗೆರೆಗೆ ಇದೇ ಮಾತು ಹೇಳಿ ಅವರು ತಲೆಗೆ ಮೊಟಕುತ್ತಿದ್ದರು. ಬಣ್ಣ ಒಣಗಲಿ, ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿಡು, ನಾಳೆ ನೋಡುತ್ತೇನೆ ಎಂದು ಹೋದರು.

ಆಮೇಲೆ ನಾನು ಮಾಡಿದ್ದು ಫ್ಲೆಕ್ಸ್‌ನವರು ಮಾತ್ರ ಮಾಡುವ ತಪ್ಪು. ಪದರಗಳನ್ನೆಲ್ಲ ಒಂದು ಮಾಡಿ, ಸುತ್ತಲಿನ ಖಾಲಿ ಜಾಗ ಕತ್ತರಿಸಿ, ಸೇವ್ ಮಾಡಿ ಮುಚ್ಚಿದೆ. ವೇಸ್ಟು ಕತ್ತರಿಸುವುದು ಹಳೆಯ ಚಟ. ಕೈ ನನ್ನನ್ನು ಕೇಳುವುದೇ ಇಲ್ಲ. ಆಟ ತೆರೆದರೆ, ಹಾಳೆಯ ಅಳತೆ ಬದಲಾಗಿದ್ದಕ್ಕೆ ಕಿಟಕಿಗಳು ಹೊಟ್ಟೆಗೆ ಇಳಿದಿದ್ದವು, ಕಮಲ ಅರ್ಧ ರೆಕ್ಕೆಗೆ ಹೋಗಿತ್ತು. ಹಳದಿ ಗೆರೆ ಎಲ್ಲೂ ಇರಲಿಲ್ಲ. ಖಾಲಿ ಜಾಗದ ಜೊತೆ ಅದನ್ನೂ ಕತ್ತರಿಸಿ ಎಸೆದಿದ್ದೆ. ಕಂಪ್ಯೂಟರನ್ನೆಲ್ಲ ಜಾಲಾಡಿದೆ, ಸಿಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನನ್ನಂಥವನಿಗೇ ಹೇಳಿದ್ದು. ಅಳು ಬಂತು, ಅತ್ತೆ.

ಆಟದ ಜೊತೆ ಬಂದಿದ್ದ ಮೂಲ ಫೈಲಿನ ಮೇಲೆ ಉಳಿದದ್ದನ್ನೆಲ್ಲ ಮತ್ತೆ ಜೋಡಿಸಿದೆ. ಗೆರೆಯನ್ನು ನಾನೇ ಎಳೆದೆ, ಬೇಕಂತಲೇ ಕೈ ನಡುಗಿಸಿ.

ಮರುದಿನ ಆಟದೊಳಗೆ ಮಧ್ಯಾಹ್ನದ ಬಿಸಿಲು ಮಾಡಿ ವಿಮಾನ ನಿಲ್ಲಿಸಿದೆ. ಉಸ್ತಾದರು ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು.

"ಇದು ನಿನ್ನ ಗೆರಿ."

ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಡೆದದ್ದು ಹೇಳಿದೆ. ಇನ್ನೊಮ್ಮೆ ಎಳೆಯಿರಿ ಎಂದು ಮೌಸ್ ಮುಂದಿಟ್ಟೆ. ಅವರು ಎಡಗೈಯನ್ನು ಅದರ ಮೇಲಿಟ್ಟರು. ಹಿಂದಿನ ದಿನದ ದುಡಿಮೆಗೆ ಬೆರಳುಗಳು ಬಾತಿದ್ದವು, ಮಡಚಲಾಗಲಿಲ್ಲ.

"ಬೇಕಂತ ನಡುಗಿಸಿದ್ರೂ ನೆಟ್ಟಗ ಬಂದೈತಲ್ಲೋ," ಎಂದರು. "ಕಲಿಸಿದಾಂವ ನಾನಲ್ಲೇನು. ಬಿಡು, ಹಾರಸು."

ಕೀಬೋರ್ಡಿನಿಂದಲೇ ಹಾರಿಸಿದೆ. ಮೌಸಿನ ಮೇಲೆ ಅವರ ಕೈ ಇನ್ನೂ ಹಾಗೇ ಇತ್ತು.